ಬೆನ್ನೋ ಎದೆಯೋ

ಸೋಮವಾರ ಬೆಳಗಿನ ಪಾಳಿ ಮುಗಿಸಿ ಉಕ್ಕಿನ ಕಾರ್ಖಾನೆಯಿಂದ ಮನೆಗೆ ಹೋಗುವಾಗ ಲುಡ್ಡಿ ಬಾರ್ಟೋಶ್ ಕ್ಲಬ್ಬಿನ ನೆಲಮಾಳಿಗೆಯ ಬಾಗಿಲಲ್ಲಿ ನಿಲ್ಲುತ್ತಿದ್ದ. ಬೂಟಿನ ಮಸಿ ನನ್ನ ಒಗೆಯುವ ಕೋಣೆಗೆ ಬೀಳಬಾರದೆಂದು ಒಳಗೆ ಬರುತ್ತಿರಲಿಲ್ಲ. ಹೊಸ್ತಿಲಾಚೆಯಿಂದಲೇ ಕೇಳುತ್ತಿದ್ದ.

"ಬೆನ್ನಾ, ಎದೇನಾ, ತೇತಾ?"

ತೇತಾ ಎಂದರೆ ನಮ್ಮ ಸ್ಲೋವಾಕರಲ್ಲಿ ಅತ್ತೆಯೂ ಹೌದು, ಚಿಕ್ಕಮ್ಮನೂ ಹೌದು. ಈ ಬೀದಿಯಲ್ಲಿ ಎಲ್ಲರಿಗೂ ನಾನು ತೇತಾ.

"ಬೆನ್ನು," ಅನ್ನುತ್ತಿದ್ದೆ.

"ಹಂಗಾದ್ರೆ ಸರಿ," ಅಂದು ಹೊರಟುಬಿಡುತ್ತಿದ್ದ. ಒಂಬತ್ತು ವರ್ಷ ನಮ್ಮಿಬ್ಬರ ನಡುವೆ ಸೋಮವಾರದ ಮಾತು ಇಷ್ಟೇ.

ಊರಿನ ತಂಡದ ಅಂಗಿ ಒಗೆಯುವವಳು ನಾನು. ಅವನು ಕೇಳುತ್ತಿದ್ದುದು ತನ್ನ ಅಂಗಿಯ ವಿಷಯವಲ್ಲ, ತಂಗಿಯ ಗಂಡ ರೇ ಕ್ವಿಗ್ಲಿಯ ಅಂಗಿಯದು. ನಮ್ಮ ಅಮೆರಿಕದ ಫುಟ್ಬಾಲಿನಲ್ಲಿ ಚೆಂಡನ್ನು ಕೈಯಲ್ಲಿ ಎಸೆಯುತ್ತಾರೆ; ನಮ್ಮೂರಿನ ತಂಡದಲ್ಲಿ ರೇ ಎಸೆಯುವವ. ವಾರವೆಲ್ಲ ಶಾಲೆಯ ಬಸ್ಸು ಓಡಿಸುವವನು ಭಾನುವಾರ ಮಧ್ಯಾಹ್ನ ಬೇರೆಯೇ ಮನುಷ್ಯನಾಗುತ್ತಿದ್ದ. ಊರಿಗೆ ಊರೇ ಅವನ ಬಲಗೈ ನೋಡುತ್ತ ಕೂತಿರುತ್ತಿತ್ತು. ಆ ಕೈಯಿಂದ ಚೆಂಡು ಹೊರಡುವ ಮೊದಲೇ ಅವನನ್ನು ಕೆಡವಬೇಕೆಂದು ಎದುರಿನವರು ನುಗ್ಗಿ ಬರುತ್ತಾರೆ. ಮುಂದಿನಿಂದ ಬಂದವನು ಕಣ್ಣಿಗೆ ಬೀಳುತ್ತಾನೆ. ರೇ ಮೈ ಸಡಿಲ ಬಿಟ್ಟು ಹಿಂದಕ್ಕೆ ಬೀಳುತ್ತಾನೆ, ಕಲೆ ಅಂಗಿಯ ಬೆನ್ನಿಗೆ. ಆದರೆ ಬಲಗೈಯವನು ಎಸೆಯಲು ತಿರುಗಿದಾಗ ಅವನ ಎಡಮಗ್ಗುಲಿಗೆ ಕಣ್ಣಿಲ್ಲ. ಅಲ್ಲಿಂದ ಬಂದವನು ಕಾಣುವುದಿಲ್ಲ. ಆಗ ರೇ ಮರ ಬಿದ್ದಹಾಗೆ ಮುಖ ಕೆಳಗಾಗಿ ಬೀಳುತ್ತಾನೆ, ಕಲೆ ಎದೆಗೆ. ನಮ್ಮ ಮೈದಾನ ಕಾರ್ಖಾನೆಯ ಕಬ್ಬಿಣದ ಕಿಟ್ಟ ತುಂಬಿ ಮಟ್ಟ ಮಾಡಿದ್ದು. ಹುಲ್ಲಿನ ಹಸಿರಾದರೆ ಹೋಗುತ್ತದೆ, ಕಿಟ್ಟದ ಕಪ್ಪು ಸೋಡಾ ಹಾಕಿ ಕುದಿಸಿದರೂ ನೆರಳಿನಂತೆ ಉಳಿಯುತ್ತದೆ. ಹಾಗಾಗಿ ಆಟ ನೋಡದಿದ್ದರೂ ಯಾರು ಹೇಗೆ ಬಿದ್ದರೆಂದು ನನಗೆ ಸೋಮವಾರ ತಿಳಿಯುತ್ತಿತ್ತು.

ಆ ಎಡಮಗ್ಗುಲು ಕಾಯುತ್ತಿದ್ದವನು ಲುಡ್ಡಿ.

ಅವನು ಹುಟ್ಟಿದಾಗಿನಿಂದ ನೋಡಿದ್ದೇನೆ. ನಮ್ಮ ಮನೆಗೂ ಅವರ ಮನೆಗೂ ಒಂದೇ ಗೋಡೆ. ಹನ್ನೊಂದು ವರ್ಷದವನಿದ್ದಾಗ ಅವನಪ್ಪ ಕುಲುಮೆಯಲ್ಲಿ ಸುಟ್ಟುಹೋದ. ಮರುದಿನದಿಂದ ತಂಗಿ ರೋನಿಯನ್ನು ಶಾಲೆಗೆ ಬಿಡುವುದು ಇವನ ಕೆಲಸವಾಯಿತು. ಕೈ ಹಿಡಿದುಕೊಂಡು ಹೋಗುತ್ತಿರಲಿಲ್ಲ; ಅವಳಿಗಿಂತ ಎರಡು ಹೆಜ್ಜೆ ಹಿಂದೆ, ಎಡಕ್ಕೆ, ಲಾರಿಗಳು ಬರುವ ಕಡೆಗೆ ನಡೆಯುತ್ತಿದ್ದ. ಚರ್ಚಿನಲ್ಲಿ ಕೊನೆಯ ಬೆಂಚು. ದೊಡ್ಡವನಾಗಿ ಕುಲುಮೆಗೆ ಇಟ್ಟಿಗೆ ಕಟ್ಟುವ ಗುಂಪಿಗೆ ಸೇರಿದ. ಕುಲುಮೆ ಪೂರ್ತಿ ಆರುವ ಮೊದಲೇ ಮರದ ಅಟ್ಟೆಯ ಬೂಟು ಹಾಕಿಕೊಂಡು ಒಳಗಿಳಿಯುವ ಕೆಲಸ ಅದು. ನಾಲ್ಕು ಜನ ಇಟ್ಟಿಗೆ ಕಟ್ಟಿದರೆ ಐದನೆಯವನು ಹಿಂದೆ ನಿಂತು ಮೇಲ್ಛಾವಣಿಗೆ ಕಿವಿ ಕೊಟ್ಟಿರಬೇಕು. ಇಟ್ಟಿಗೆ ಕಳಚುವ ಮೊದಲು ಸಣ್ಣಗೆ 'ಟಿಕ್' ಅನ್ನುತ್ತದಂತೆ. ಆ ಐದನೆಯವನು ಯಾವಾಗಲೂ ಲುಡ್ಡಿ. ಅವನು ನಿಂತಿದ್ದ ಯಾವ ಪಾಳಿಯಲ್ಲೂ ಒಬ್ಬನ ತಲೆಗೂ ಪೆಟ್ಟಾಗಲಿಲ್ಲ.

ಆ ಒಂಬತ್ತು ವರ್ಷದಲ್ಲಿ ಒಂದೇ ಒಂದು ಭಾನುವಾರ ಅವನು ಜ್ವರ ಬಂದು ಮಲಗಿದ. ಆ ದಿನ ರೇ ಅಂಗಿಯ ಎದೆಗೆ ಕಲೆ. ಕಾಲು ಗಂಟೆ ಅವನ ಎರಡೂ ಕೈ ಆಡಲಿಲ್ಲ. ಆಮೇಲೆ ಆಡಿದವು. ಕತ್ತಿನ ಮೂಳೆಯ ಚಿತ್ರ ತೆಗೆಸಿದ ಡಾಕ್ಟರು, ಇನ್ನೊಂದು ಸಲ ಹೀಗಾದರೆ ಕೈ ಆಡುತ್ತವೆಂದು ತಾನು ಹೇಳಲಾರೆ ಎಂದರಂತೆ. ಚರ್ಚಿನ ಮೆಟ್ಟಿಲ ಮೇಲೆ ರೋನಿ ಅಣ್ಣನ ಕೋಟು ಹಿಡಿದು ಹೇಳಿದ್ದನ್ನು ನಾನೇ ಕೇಳಿದೆ.

"ಅವ್ರು ಆಟ ಬಿಡಲ್ಲ, ನಾನ್ ಹೇಳಿ ಸಾಕಾಯ್ತು. ನೀನು ಅವ್ರ ಹಿಂದಿನ ಜಾಗ ಬಿಡ್ಬೇಡ ಅಣ್ಣ. ಅಷ್ಟು ಮಾಡು."

"ಆಯ್ತು," ಅಂದ ಲುಡ್ಡಿ.

ಮುಂದಿನ ಸೆಪ್ಟೆಂಬರಿನಲ್ಲಿ ತಂಡ ಎರಡು ಆಟ ಸೋತಿತು, ಎರಡೂ ಕೊನೇ ಗಳಿಗೆಯಲ್ಲಿ. ಮಂಗಳವಾರ ಸಂಜೆ ಮೇಲಿನ ಬಾರಿನಲ್ಲಿ ಕೂಟ ಸೇರಿತು. ನನ್ನ ಕೋಣೆಯ ಬಿಸಿನೀರಿನ ಕೊಳವೆ ಬಾರಿನ ನೆಲ ತೂರಿ ಹೋಗುತ್ತದೆ; ಅಲ್ಲಿ ಮಾತಾಡಿದರೆ ಇಲ್ಲಿ ಪಕ್ಕದಲ್ಲಿ ಕೂತು ಮಾತಾಡಿದಂತೆ.

"ಎದುರಿನವರ ಹುಡುಗ ತಲೆ ಬಾಚ್ಕೊಂಡು, ಮೀಸೆ ನೇವರಿಸ್ಕೊಂಡು ಎಸೀತಾನೆ," ಎಂದಿತು ಕೋಚ್ ಎಮಿಲ್ ಟಾಚ್‌ನ ದನಿ. ಅವನು ಮೂಲೆಯ ಮಾಂಸದಂಗಡಿಯವನು. "ಅಷ್ಟು ಪುರಸೊತ್ತು ಕೊಟ್ರೆ ನಮ್ಮಜ್ಜೀನೂ ಎಸೀತಾಳೆ."

"ನಾನೊಬ್ನೇ ನುಗ್ಗಿದ್ರೆ ಇಬ್ಬಿಬ್ರು ಬಂದು ತಬ್ಕೊಳ್ತಾರೆ," ಅಂದ ಸ್ಟಾಶ್. ಎದುರಿನ ಎಸೆಯುವವನ ಮೇಲೆ ನುಗ್ಗಲು ನಮ್ಮಲ್ಲಿದ್ದ ಒಬ್ಬನೇ ಅವನು. "ಆ ಕಡೆಯಿಂದ ಇನ್ನೊಬ್ಬ ಬೇಕು. ಹೆಣ್ಣು ಹುಡುಕ್ಕೊಡಿ ಅಂತಿಲ್ಲ ನಾನು, ಒಬ್ಬ ಗಂಡಸನ್ನ ಹುಡುಕ್ಕೊಡಿ."

ನಗು ಎದ್ದಿತು. ನಗು ನಿಂತಮೇಲೆ ಕೋಚ್ ಅಂದ, "ಹುಡುಕೋದೇನು. ಇಲ್ಲೇ ಕೂತಿದಾನಲ್ಲ."

ಕುರ್ಚಿಗಳು ಕಿರುಗುಟ್ಟಿ ತಿರುಗಿದವು. ಲುಡ್ಡಿಯ ಕಡೆ ನೋಡುತ್ತಿದ್ದಾರೆಂದು ನನಗೆ ಕೆಳಗಿನಿಂದಲೇ ತಿಳಿಯಿತು.

"ಅಷ್ಟೆತ್ತರ, ಆ ತೋಳು, ಕರಡಿ ಹಂಗೆ ಓಡ್ತಾನೆ. ಅವರ ಕೈಲಿ ಚೆಂಡಿದ್ದಾಗ ಬೆಂಚ್ ಮೇಲೆ ಕೂತು ಕಡ್ಲೆಕಾಯಿ ತಿಂತಾನೆ. ಇನ್ಮೇಲೆ ಉಲ್ಟಾ. ಅವರ ಕೈಲಿದ್ದಾಗ ನುಗ್ಗು, ನಮ್ಮ ಕೈಲಿದ್ದಾಗ ಕೂತು ದಮ್ಮು ತಗೋ. ಎರಡೂ ಮಾಡಿದ್ರೆ ಎರಡೂ ಕೆಡುತ್ತೆ."

"ರೇ ಹಿಂದೆ ಯಾರು?" ಲುಡ್ಡಿಯ ದನಿ.

"ಗಸ್ ನಿಲ್ತಾನೆ."

"ಗಸ್‌ಗೆ ತನ್ನ ಕಾಲೇ ಕಾಣಲ್ಲ, ಹೊಟ್ಟೆ ಅಡ್ಡ."

ಆಗ ರೇ ಬಾಯಿ ಹಾಕಿದ. ಕೆಟ್ಟದ್ದು ಅಲ್ಲೇ ನೋಡಿ. "ಏಯ್, ನಾನೇನು ತೊಟ್ಟಿಲಲ್ಲಿರೋ ಕೂಸಾ? ಮೊದಲು ಅವರನ್ನ ನಿಲ್ಲಿಸು ಮಾರಾಯ. ನಾವು ಮುಂದಿದ್ರೆ ನಾನು ಎಸೀಲೇಬೇಕು ಅಂತಿಲ್ಲ, ಚೆಂಡು ಹಿಡ್ಕೊಂಡು ಓಡಿದ್ರೆ ಸಾಕು. ಎಲ್ಲಾರೂ ನಿನ್ನ ಕೇಳ್ತಿದಾರೆ, ನೀನು ನನ್ನ ನೆಪ ಹೇಳ್ತೀಯ."

ಲುಡ್ಡಿ "ಆಯ್ತು" ಅಂದ. ಚರ್ಚಿನ ಮೆಟ್ಟಿಲ ಮೇಲೆ ತಂಗಿಗೆ ಅಂದದ್ದೂ ಅದೇ ಮಾತು.

ಅಕ್ಟೋಬರಿನ ಮೂರು ಆಟವೂ ನಮ್ಮ ಮೈದಾನದಲ್ಲೇ. ಮೊದಲನೆಯದನ್ನು ಗೆದ್ದರು. ಲುಡ್ಡಿ ಎದುರಿನ ಎಸೆಯುವವನನ್ನು ನಾಲ್ಕು ಸಲ ಕೆಡವಿದನಂತೆ. ಸೋಮವಾರ ಬೆಳಿಗ್ಗೆ ಅಂಗಿಗಳ ಗಂಟು ಬಿಚ್ಚಿದೆ. ರೇ ಅಂಗಿ ಕೈಗೆ ಬಂತು. ಬೆನ್ನು ಚೊಕ್ಕಟ. ತಿರುಗಿಸಿದೆ. ಎದೆಯ ನಡುಮಧ್ಯ ಅಂಗೈಯಗಲ ಕಪ್ಪು.

ಅದನ್ನು ಹಿಡಿದುಕೊಂಡೇ ಮಾಂಸದಂಗಡಿಗೆ ಹೋದೆ. ಎಮಿಲ್ ಕತ್ತಿ ಕೆಳಗಿಡಲಿಲ್ಲ.

"ತೇತಾ, ಕಲೆ ತೆಗೆಯೋದು ನಿಮ್ಮ ಕೆಲಸ, ಕಣಿ ಹೇಳೋದಲ್ಲ. ರೇ ಎದ್ದು ಓಡಾಡ್ತಿದಾನೆ ತಾನೆ? ಒಂದು ಉಪಕಾರ ಮಾಡಿ, ಲುಡ್ಡಿ ತಲೇಲಿ ಹುಳ ಬಿಡಬೇಡಿ. ಮೂವತ್ತೊಂದು ವರ್ಷಕ್ಕೆ ಮೊದಲನೇ ಸಲ ನಾಲ್ಕು ಜನ ಅವನ ಹೆಸರು ಕೂಗಿದಾರೆ."

ಅದು ನಿಜವೇ ಆಗಿತ್ತು. ಮಧ್ಯಾಹ್ನ ಲುಡ್ಡಿ ಬಾಗಿಲಲ್ಲಿ ನಿಂತಾಗ ಅವನ ಮುಖದಲ್ಲಿ ನಾನು ಕಾಣದಿದ್ದ ಒಂದು ಕಳೆ ಇತ್ತು. ಪಾಳಿಯವರು ಬೆನ್ನು ತಟ್ಟಿದ್ದರಂತೆ. ಬೇಕರಿಯವಳು ಗಸಗಸೆ ತುಂಬಿದ ಸಿಹಿ ಬ್ರೆಡ್ಡಿನ ಸುರುಳಿಯೊಂದನ್ನು ಕಾಗದದಲ್ಲಿ ಸುತ್ತಿ ಕೊಟ್ಟಿದ್ದಳು. ಅದನ್ನು ಹೂವಿನಂತೆ ಹಿಡಿದುಕೊಂಡಿದ್ದ.

"ಬೆನ್ನಾ, ಎದೇನಾ, ತೇತಾ?"

"ಬೆನ್ನು," ಅಂದೆ ನಾನು.

ಎರಡನೇ ವಾರವೂ ಗೆದ್ದರು. ರೇ ಅಂಗಿಯ ಎದೆಯಲ್ಲಿ ಎರಡು ಕಲೆ, ಒಂದರ ಮೇಲೊಂದು. ಲುಡ್ಡಿಯ ಅಂಗಿಯನ್ನೂ ಅಂದು ಹರಡಿ ನೋಡಿದೆ. ಒಂಬತ್ತು ವರ್ಷ ಅದರ ಮುಂಭಾಗದ ತುಂಬ ಕೈಗುರುತು, ಅವನು ತಡೆದವರು ಹಿಡಿದೆಳೆದದ್ದು, ಉಗುರು ಹರಿದದ್ದು. ಈಗ ಏನೂ ಇಲ್ಲ. ಮದುವೆಗೆ ಹಾಕಿಕೊಂಡು ಹೋಗಿ ಬಂದಹಾಗೆ ಇತ್ತು. ಅದೇಕೋ ರೇ ಅಂಗಿಗಿಂತ ಅದನ್ನು ಕಂಡೇ ನನಗೆ ಹೆಚ್ಚು ಹೆದರಿಕೆಯಾಯಿತು.

ಆ ಸೋಮವಾರವೂ ಅವನು ಕೇಳಿದ. ಮೊದಲ ಸುಳ್ಳು ಹೇಳಿದ್ದರಿಂದ ಎರಡನೆಯದನ್ನು ಹೇಳಲೇಬೇಕಾಯಿತು.

ಮೂರನೇ ಭಾನುವಾರ ಬೆಲ್ ರನ್ ಊರಿನವರು ಬಂದರು, ನೀಲಿ ಅಂಗಿಯವರು. ನಾನು ಆಟಕ್ಕೆ ಹೋಗುವವಳಲ್ಲ, ಅಂದು ಹೋದೆ. ತಂತಿಬೇಲಿಯ ಹತ್ತಿರ ರೋನಿ ನಿಂತಿದ್ದಳು. ನದಿಯ ಕಡೆಯಿಂದ ಹೊಗೆ ತಗ್ಗಿ ಬರುತ್ತಿತ್ತು. ಮಧ್ಯಾಹ್ನ ಎರಡಕ್ಕೇ ಬೆಳಕು ಹಳದಿಯಾಗಿತ್ತು.

"ತೇತಾ, ನೀವೂ ಬಂದ್ರಾ? ಏನಾದ್ರೂ ಇದೆಯಾ?" ಅಂದಳು.

"ಏನಿಲ್ಲ ಮಗಾ. ಸುಮ್ಮನೆ ಬಂದೆ."

ರೇ ಚೆಂಡು ಹಿಡಿದಾಗೆಲ್ಲ ಅವಳು ನನ್ನ ತೋಳು ಹಿಡಿಯುತ್ತಿದ್ದಳು. ಗಸ್ ಒಂದು ಕಡೆ ತಿರುಗಿದರೆ ನೀಲಿಯವನು ಇನ್ನೊಂದು ಕಡೆಯಿಂದ ನುಸುಳುತ್ತಿದ್ದ. ರೇ ಒಂದು ಸಲ ಮುಖ ಕೆಳಗಾಗಿ ಬಿದ್ದ, ಎದ್ದ. ಇನ್ನೊಂದು ಸಲ ಬಿದ್ದ, ಮೊಣಕಾಲ ಮೇಲೆ ಕೂತು ಕೈ ಕೊಡವಿಕೊಂಡ, ಬೆರಳು ಮಡಿಸಿ ಬಿಡಿಸಿ ನೋಡಿಕೊಂಡ, ಎದ್ದ. ಬೆಂಚಿನ ಮೇಲೆ ಕೂತ ಲುಡ್ಡಿಗೆ ಅದು ಕಾಣುತ್ತಿತ್ತೋ ಇಲ್ಲವೋ. ಕೋಚ್ ಅವನ ಎದುರೇ ನಿಂತು ಏನೋ ಹೇಳುತ್ತಲೇ ಇದ್ದ. ಇವತ್ತೇ ಅದು, ನಾನು ಹೇಳದೆ ಬಿಟ್ಟದ್ದು ಇವತ್ತೇ ಆಗುತ್ತದೆ ಅನ್ನಿಸುತ್ತಿತ್ತು.

ಆಯಿತು. ನಾನು ಕಾಯುತ್ತಿದ್ದ ಕಡೆ ಅಲ್ಲ.

ಚೆಂಡು ನೀಲಿಯವರ ಕೈಗೆ ಹೋಯಿತು. ಅವರ ಎಸೆಯುವವ ಸಣ್ಣ ದೇಹದವನು, ಇನ್ನೂ ಇಪ್ಪತ್ಮೂರು. ಎಸೆಯಲು ತಿರುಗಿ ಕೈ ಎತ್ತಿದ. ಅವನ ಹಿಂದಿನಿಂದ ಲುಡ್ಡಿ ಬಂದ. ಒಂಬತ್ತು ವರ್ಷ ಯಾವ ಜಾಗ ಕಾಯುತ್ತ ನಿಂತಿದ್ದನೋ ಅದೇ ಜಾಗಕ್ಕೆ, ಒಂದು ಬೆರಳೂ ತಪ್ಪದೆ. ಬೆನ್ನು ಎಲ್ಲಿ ತೆರೆದಿರುತ್ತದೆಂದು ಅವನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು. ಜನ ಕೂಗುತ್ತಿದ್ದರು, ಆದರೂ ಆ ಸದ್ದು ಬೇಲಿಯವರೆಗೆ ಕೇಳಿಸಿತು. ಸಣ್ಣ ಸದ್ದು. ಲುಡ್ಡಿ ಥಟ್ಟನೆ ತಲೆಯೆತ್ತಿ ಮೇಲೆ ನೋಡಿದ, ಕುಲುಮೆಯ ಛಾವಣಿ ನೋಡುವವನ ಹಾಗೆ.

ಜನ ಅವನ ಹೆಸರು ಹಿಡಿದು ಇನ್ನೂ ಕೂಗುತ್ತಲೇ ಇದ್ದರು. ನಿಲ್ಲಿಸಲು ಹೊತ್ತು ಹಿಡಿಯಿತು.

ಆ ಹುಡುಗ ಏಳಲಿಲ್ಲ. ಆಂಬ್ಯುಲೆನ್ಸಿನವರು ಅಂಗಿಯನ್ನು ಕತ್ತರಿಯಲ್ಲಿ ಸೀಳಿ, ಹಲಗೆಗೆ ಕಟ್ಟಿ ಎತ್ತಿಕೊಂಡು ಹೋದರು. ಆಟ ಮುಂದುವರಿಯಿತು. ನಾವು ಗೆದ್ದೆವು.

ಸೋಮವಾರ ಗಂಟು ಬಿಚ್ಚಿದರೆ ನಮ್ಮ ಕೆಂಪು ಅಂಗಿಗಳ ನಡುವೆ ಒಂದು ನೀಲಿ. ಗಡಿಬಿಡಿಯಲ್ಲಿ ಯಾರೋ ಇದರೊಳಗೆ ತುರುಕಿದ್ದರು. ಬೆನ್ನಿನುದ್ದಕ್ಕೂ ಸೀಳಿತ್ತು. ಮುಂಭಾಗ ಇಡಿಯಾಗಿತ್ತು. ಅದನ್ನು ಮೇಜಿನ ಮೇಲೆ ಹರಡಿದೆ. ಅದೇ ಗಂಟಿನಲ್ಲಿದ್ದ ರೇಯ ಅಂಗಿಯನ್ನೂ ತೆಗೆದು ಪಕ್ಕದಲ್ಲಿಟ್ಟೆ. ಕಲೆ ಅದೇ ಜಾಗ, ಅದೇ ಅಗಲ.

ಲುಡ್ಡಿ ಅಂದು ಬೂಟು ಕಳಚಿ ಒಳಗೆ ಬಂದ. ಬರಿ ಸಾಕ್ಸಿನಲ್ಲಿ ಒದ್ದೆ ನೆಲದ ಮೇಲೆ ನಿಂತ.

"ಬೆನ್ನಾ, ಎದೇನಾ?" ಅಂದ. ತೇತಾ ಅನ್ನಲಿಲ್ಲ.

"ಎದೆ."

"ರೇದು?"

"ಅವನದೂ ಎದೆ. ಮೂರು ವಾರದಿಂದ." ರೇಯ ಅಂಗಿಯನ್ನು ಅವನ ಕಡೆ ಸರಿಸಿದೆ. "ನಿನಗೆ ಸುಳ್ಳು ಹೇಳ್ದೆ ಲುಡ್ಡಿ."

ಬೈದಿದ್ದರೆ ಚೆನ್ನಾಗಿತ್ತು. ಅವನು ಎರಡು ಅಂಗಿಗಳನ್ನೂ ನೋಡುತ್ತ ನಿಂತ. ಒಂದರ ಕಲೆಯ ಮೇಲೆ ಅಂಗೈ ಇಟ್ಟ, ಆಮೇಲೆ ಇನ್ನೊಂದರ ಮೇಲೆ.

"ನಂಗೆ ಬರೋ ಕೆಲಸ ಬೆನ್ನು ಕಾಯೋದೊಂದೇ ತೇತಾ," ಅಂದ. "ಆ ಕಡೆಯಿಂದ ಮಾಡಿದ್ರೆ ಹಿಂಗಾಗುತ್ತೆ."

ಹೋಗಿ ರೇಯನ್ನು ಬಸ್ಸಿನಿಂದಲೇ ಇಳಿಸಿ ಕರೆತಂದ. ಭುಜ ಹಿಡಿದು ಮೇಜಿನ ಮುಂದೆ ನಿಲ್ಲಿಸಿದ. ರೇ ಬಾಯಿಬಡುಕ, ಏನಾದರೂ ಚೇಷ್ಟೆ ಮಾಡದೆ ಇರುವವನಲ್ಲ. "ಏನೋ ಇದು, ಬಟ್ಟೆ ಅಂಗಡಿ ಇಟ್ಟಿದೀಯಾ?" ಅಂತ ಶುರುಮಾಡಿದ. ನೀಲಿಯದನ್ನು ಕಂಡ. ಪಕ್ಕದ್ದು ತನ್ನದೆಂದು ಅರಿತ. ಬೆರಳು ಮಡಿಸಿ, ಬಿಡಿಸಿ, ಮತ್ತೆ ಮಡಿಸಿದ. ಆಮೇಲೆ ಅವನು ತಂಡದ ಅಂಗಿ ತೊಡಲಿಲ್ಲ. ಕೋಚ್ ಮೂರು ಸಲ ಮನೆಗೆ ಹೋದ. ಮೂರು ಸಲವೂ ರೋನಿಯೇ ಬಾಗಿಲಿಗೆ ಬಂದಳಂತೆ.

ಆ ಹುಡುಗ ಉಳಿದ. ಕತ್ತಿನಿಂದ ಕೆಳಗೆ ಯಾವುದೂ ಆಡುವುದಿಲ್ಲ. ನೀಲಿ ಅಂಗಿಯನ್ನು ನಾನು ಒಗೆದು ಹೊಲಿದುಕೊಟ್ಟೆ, ಲುಡ್ಡಿ ಬೆಲ್ ರನ್‌ಗೆ ತೆಗೆದುಕೊಂಡು ಹೋದ. ಅವರಮ್ಮ ಬಾಗಿಲು ತೆರೆಯಲಿಲ್ಲ. ಮರುವಾರವೂ ಹೋದ. ಈಗಲೂ ಭಾನುವಾರ ಬೆಳಗಿನ ಬಸ್ಸಿಗೆ ಹೊರಡುತ್ತಾನೆ; ಬಾಗಿಲು ತೆರೆಯುತ್ತಾರೋ ಇಲ್ಲವೋ ನಾನು ಕೇಳಿಲ್ಲ, ಅವನು ಹೇಳಿಲ್ಲ. ಕುಲುಮೆಯಲ್ಲಿ ಈಗ ಅವನು ಇಟ್ಟಿಗೆ ಕಟ್ಟುವ ನಾಲ್ವರಲ್ಲೊಬ್ಬ. ಹಿಂದೆ ನಿಲ್ಲುವ ಕೆಲಸ ತಾನಾಗಿಯೇ ಬಿಟ್ಟುಕೊಟ್ಟ.

ಆ ಚಳಿಗಾಲವಿಡೀ ಕೊಳವೆಯಲ್ಲಿ ಒಂದೇ ಮಾತು. "ಇನ್ನೊಬ್ಬ ನುಗ್ಗೋನು ಬೇಕು ಎಮಿಲ್. ಲುಡ್ಡಿ ಇದ್ದಾಗ ನೋಡಿದ್ವಲ್ಲ." ವಸಂತಕ್ಕೆ ದೋಣಿಕಟ್ಟೆಯಿಂದ ವೆನ್ಸ್ ಎಂಬುವನನ್ನು ಹಿಡಿದು ತಂದರು. ಲುಡ್ಡಿಗಿಂತ ಎತ್ತರ, ಲುಡ್ಡಿಗಿಂತ ಜೋರು. ಒಳ್ಳೆಯ ಹುಡುಗ, ಮೆಟ್ಟಿಲ ಮೇಲೆ ಸಿಕ್ಕರೆ ಟೋಪಿ ತೆಗೆಯುತ್ತಾನೆ.

ಸೋಮವಾರ ಅವನ ಅಂಗಿ ಬರುತ್ತದೆ. ಬೆನ್ನು ನೋಡುತ್ತೇನೆ, ತಿರುಗಿಸಿ ಎದೆ ನೋಡುತ್ತೇನೆ, ತೋಳಿನ ಮಡಿಕೆ ಬಿಡಿಸಿ ನೋಡುತ್ತೇನೆ. ಏನೂ ಇಲ್ಲ. ಅದನ್ನೂ ಉಳಿದವುಗಳ ಜೊತೆ ಸೋಡಾ ನೀರಿಗೆ ಹಾಕುತ್ತೇನೆ. ಅದೇ ಹೊತ್ತಿಗೆ ನದಿಯಾಚೆ ಇನ್ನೊಂದು ಊರಿನಲ್ಲಿ ನನ್ನಂಥವಳೊಬ್ಬಳು ಗಂಟು ಬಿಚ್ಚುತ್ತಿರುತ್ತಾಳೆ.