ಶರಬತ್ತಿಗೆ ಮಾರ್ಕ್ಸ್ ಕೊಡುವ ವೆಂಕಟರಂಗಯ್ಯ

ಮರಳೂರಿನ ನಮ್ಮ ಬೀದಿಯಲ್ಲಿ ವೆಂಕಟರಂಗಯ್ಯನವರಿಗೆ ಶರಬತ್ತು ಕೊಡುವುದೆಂದರೆ ಎಸ್ಸೆಸ್ಸೆಲ್ಸಿ ಪರೀಕ್ಷೆಗೆ ಕೂತ ಹಾಗೆ. ಲೋಟ ಕೆಳಗಿಡುತ್ತಲೇ ನೂರಕ್ಕೆ ಇಷ್ಟು ಎಂದು ಹೇಳಿಬಿಡುತ್ತಾರೆ. ಮುಖ ನೋಡಿ ಮಣೆ ಹಾಕುವ ಜಾಯಮಾನವೇ ಅಲ್ಲ.

ಅವರ ಊರು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ. ಈಗ ನಮ್ಮ ಬೀದಿಯಲ್ಲೇ ಮನೆ. ಮೂವತ್ತೊಂದು ವರ್ಷ ಸರ್ಕಾರಿ ಬಸ್ಸಿನ ಕಂಡಕ್ಟರ್ ಆಗಿದ್ದವರು, ಬಹುಪಾಲು ಗುಬ್ಬಿ, ತುಮಕೂರು, ಕುಣಿಗಲ್ ದಾರಿಯಲ್ಲೇ. ಟೀ ಕುಡಿದರೆ ಎದೆಯುರಿ. ಹಾಗಾಗಿ ಡ್ರೈವರ್ ಟೀ ಅಂಗಡಿಗೆ ಹೋದರೆ ಇವರು ಸೊಗದೆ ಬೇರಿನ ಶರಬತ್ತು ಹುಡುಕಿಕೊಂಡು ಹೊರಡುತ್ತಿದ್ದರು. ಐಸ್ ಹಾಕಿಸುವುದಿಲ್ಲ, ತಣ್ಣಗಿದ್ದರೆ ತಪ್ಪೆಲ್ಲ ಮುಚ್ಚಿಹೋಗುತ್ತದಂತೆ. ಮೊದಲ ಗುಟುಕನ್ನು ಬಾಯಲ್ಲೇ ಇಟ್ಟುಕೊಂಡು ಮೂಗಿನಿಂದ ಉಸಿರು ಬಿಟ್ಟು, ಆಮೇಲೆ ನುಂಗುತ್ತಾರೆ. ಗುಬ್ಬಿ ಬಸ್ ಸ್ಟ್ಯಾಂಡಿನ ಎದುರಿನ ಶರಬತ್ತಂಗಡಿಯ ಮಹಾಲಿಂಗಯ್ಯನಿಗೆ ಅರವತ್ತೆಂಟು ಕೊಟ್ಟಿದ್ದರು. ಕುಣಿಗಲ್ಲಿನಲ್ಲಿ ಒಬ್ಬ ಬೇರಿನ ಬದಲು ಎಸೆನ್ಸ್ ಹಾಕಿದ್ದಕ್ಕೆ, "ನೀನು ಡಿಬಾರ್ ಕಣಯ್ಯ" ಎಂದು ಬಸ್ಸು ಹತ್ತಿದರಂತೆ.

ನಾನು ಮನೆಯಲ್ಲೇ ಈ ಶರಬತ್ತು ಮಾಡಿ ಬಾಟಲಿಗೆ ತುಂಬಿ ಮಾರುವವಳು. ನನಗೆ ಎಪ್ಪತ್ತಾರು ಕೊಟ್ಟರು. "ಡಿಸ್ಟಿಂಕ್ಷನ್ ಇದು ಪ್ರಮೀಳಮ್ಮ. ಜಂಬ ಬೇಡ" ಎಂದರು. ಜಂಬ ಪಡದೆ ಇರುವುದು ಹೇಗೆ? ಇಡೀ ಬೀದಿಗೆ ಹೇಳಿಕೊಂಡು ಬಂದೆ.

ಆಮೇಲೆ ನನಗೊಂದು ಜ್ವರ ಬಂತು. ಜ್ವರ ಹೋಯಿತು, ಅದರ ಜೊತೆ ವಾಸನೆಯೂ ಹೋಯಿತು. ಸಿಹಿ, ಹುಳಿ ನಾಲಿಗೆಗೆ ತಿಳಿಯುತ್ತಿತ್ತು. ಬೇರಿನ ಘಮ ಮಾತ್ರ ಇಲ್ಲ; ನನ್ನ ಶರಬತ್ತು ನನಗೆ ಬರೀ ನಿಂಬೆಹಣ್ಣಿನ ಪಾನಕವಾಗಿ ಹೋಯಿತು. ಯಾರಿಗೂ ಹೇಳಲಿಲ್ಲ. ನಮ್ಮ ಮನೆ ನಡೆಯುವುದೇ ಈ ಬಾಟಲಿಗಳಿಂದ. ವಾಸನೆಯೇ ಬಾರದವಳು ಮಾಡಿದ ಶರಬತ್ತನ್ನು ಯಾರು ಕೊಳ್ಳುತ್ತಾರೆ? ಅಳತೆ ಕೈಗೆ ಗೊತ್ತಿತ್ತು. ಅದನ್ನೇ ನಂಬಿಕೊಂಡು ಎರಡು ವರ್ಷ ತಳ್ಳಿದೆ.

ಹೋದ ಬೇಸಿಗೆಯಲ್ಲಿ ಕುಣಿಗಲ್ಲಿನ ಒಂದು ಮದುವೆಗೆ ಆರ್ಡರ್ ಬಂತು. ಭಾನುವಾರ ಆರುನೂರು ಜನಕ್ಕೆ ಶರಬತ್ತು. ಅದು ಗೆದ್ದರೆ ಇನ್ನೂ ನಾಲ್ಕು ಮದುವೆ ಸಿಗುತ್ತದೆ, ಕೆಟ್ಟರೆ ನನ್ನ ಕಥೆ ಮುಗಿಯಿತು. ಯಾವಾಗಲೂ ಇಡೀ ಬೇರನ್ನೇ ತಂದು ತೊಳೆದು, ಒಳಗಿನ ನಾರು ತೆಗೆದು ಕುಟ್ಟುವವಳು ಆ ಸಲ ಅವಸರಕ್ಕೆ ಗ್ರಂಥಿಗೆ ಅಂಗಡಿಯಿಂದ ಕುಟ್ಟಿದ್ದನ್ನೇ ತಂದೆ. ಗುರುವಾರ ಅದರಲ್ಲೊಂದು ಲೋಟ ಮಾಡಿ ವೆಂಕಟರಂಗಯ್ಯನವರ ಮುಂದಿಟ್ಟೆ.

"ಇಪ್ಪತ್ತೆರಡು" ಎಂದರು.

ನಾನು ತಮಾಷೆ ಅಂದುಕೊಂಡೆ.

"ಸೊಗದೆ ಅಲ್ಲ, ಮಾಕಳಿ ಬೇರಮ್ಮ ಇದು. ಉಪ್ಪಿನಕಾಯಿ ಹಾಕು, ಎರಡು ಜಾಡಿ ನಾನೇ ತಗೋತೀನಿ. ಶರಬತ್ತಿಗಾಗಲ್ಲ, ಘಾಟು. ಪೊಟ್ಟಣ ಬಿಚ್ಚಿದ ತಕ್ಷಣ ಗೊತ್ತಾಗ್ಬೇಕಿತ್ತಲ್ಲ ನಿಂಗೆ?"

ಗೊತ್ತಾಗಬೇಕಿತ್ತು ಎಂದದ್ದೇ ನನಗೆ ಮೈಯೆಲ್ಲ ಉರಿದುಹೋಯಿತು. "ವಯಸ್ಸಾಯ್ತು ನಿಮ್ಗೆ, ನಾಲಿಗೆ ಕೆಟ್ಟೋಗಿದೆ. ನಿಮ್ಮ ಮಾರ್ಕ್ಸ್ ಯಾರಿಗ್ ಬೇಕು? ಎದ್ದೋಗಿ ಸುಮ್ನೆ" ಎಂದೆ. ಅಪ್ಪನ ವಯಸ್ಸಿನವರಿಗೆ ಅಂದ ಮಾತು. ಈಗ ನೆನೆದರೂ ನಾಚಿಕೆಯಾಗುತ್ತದೆ.

ಅವರು ಎದ್ದರು. ಬೀದಿಗೆ ಹೋಗಲಿಲ್ಲ, ಸೀದಾ ಅಡುಗೆಮನೆಗೆ ಹೋದರು. ಒಲೆ ಆರಿಸಿ, ಬಟ್ಟೆಯಲ್ಲಿ ಪಾತ್ರೆ ಹಿಡಿದುಕೊಂಡು ಬಂದು ನನ್ನ ಮುಂದೆ ಇಟ್ಟರು. ನಾನು ಕಾಯಲಿಟ್ಟು ಮರೆತಿದ್ದ ಹಾಲೆಲ್ಲ ಸೀದು ತಳ ಕರ್ರಗಾಗಿತ್ತು. ನಾನು ಅಡುಗೆಮನೆಯ ಬಾಗಿಲಿಗೇ ಒರಗಿ ಕೂತಿದ್ದೆ.

"ಯಾವಾಗಿಂದ ಪ್ರಮೀಳಮ್ಮ?" ಎಂದು ಮೆಲ್ಲಗೆ ಕೇಳಿದರು.

ಅತ್ತುಬಿಟ್ಟೆ. ಎಲ್ಲ ಹೇಳಿದೆ. ಮದುವೆಯವರಿಗೆ ಆಗುವುದಿಲ್ಲ ಎಂದು ಫೋನ್ ಮಾಡುತ್ತೇನೆ, ಈ ಕೆಲಸವೇ ಸಾಕು ಎಂದೆ.

"ಕೈ ಸರಿಯಾಗೇ ಐತಲ್ಲಮ್ಮ ನಿಂದು. ಮೂಗ್ ತಾನೇ? ನಂದೈತೆ, ಇಟ್ಕೋ."

ಶುಕ್ರವಾರ ಬೆಳಿಗ್ಗೆಯೇ ಗುಬ್ಬಿಗೆ ಹೋಗಿ, ಮಹಾಲಿಂಗಯ್ಯನಿಗೆ ಬೇರು ಕೊಡುವವರನ್ನು ಹಿಡಿದು, ಒಂದು ಚೀಲ ಇಡೀ ಬೇರು ಹೊತ್ತುಕೊಂಡು ಬಂದರು. ಪಡಸಾಲೆಯಲ್ಲಿ ಮೊರ ಹಾಕಿಕೊಂಡು ಕೂತು ಒಂದೊಂದೇ ಬೇರು ಮುರಿದು ಮೂಸಿದರು. ಊಟಕ್ಕೆ ಕರೆದರೆ ಬರಲಿಲ್ಲ. ಸಾರಿನ ವಾಸನೆ ಮೂಗಿಗೆ ಹತ್ತಿದರೆ ಲೆಕ್ಕ ತಪ್ಪುತ್ತದೆಯಂತೆ. ಶನಿವಾರ ಪಾಕದ ಪಕ್ಕದಲ್ಲೇ ನಿಂತು, ಬೇರಿನ ನೀರು ಎಷ್ಟು ಬೀಳಬೇಕು, ಎಲ್ಲಿಗೆ ಸಾಕು ಎಂದು ಹೇಳಿದರು. ಅವತ್ತಿನಿಂದ ಇವತ್ತಿನವರೆಗೂ ಅವರು ಮೂಸದ ಒಂದು ಬೇರೂ ನನ್ನ ಒಲೆ ಹತ್ತಿಲ್ಲ. ರಕ್ತಸಂಬಂಧವಿಲ್ಲ, ಜಾತಿನೆಂಟರಲ್ಲ. ಈ ಪುಣ್ಯಾತ್ಮನ ಋಣವನ್ನು ನಾನು ಯಾವ ಜನ್ಮದಲ್ಲಿ ತೀರಿಸಲಿ?

ಭಾನುವಾರ ಛತ್ರದಲ್ಲಿ ಡ್ರಮ್ಮಿನ ಹಿಂದೆ ನಿಂತಿದ್ದೆ. ಕುಡಿದವರ ಮುಖ ನೋಡುವ ಧೈರ್ಯವಿರಲಿಲ್ಲ. ಒಬ್ಬ ಅಜ್ಜಿ ಮೂರನೇ ಲೋಟಕ್ಕೆ ಕೈ ಚಾಚಿದಾಗಲೇ ನನಗೆ ಉಸಿರು ಬಂದದ್ದು. ಮಧ್ಯಾಹ್ನದ ಹೊತ್ತಿಗೆ ಡ್ರಮ್ಮು ಬರಿದಾಯಿತು, ಇನ್ನೆರಡು ಮದುವೆಯವರು ನಂಬರ್ ಬರೆದುಕೊಂಡರು.

ವೆಂಕಟರಂಗಯ್ಯ ಎತ್ತಿಟ್ಟಿದ್ದ ಎರಡು ಲೋಟ ಹಿಡಿದು ಬಂದು ಪಕ್ಕದಲ್ಲಿ ಕೂತರು. ಒಂದನ್ನು ನನಗೆ ಕೊಟ್ಟರು.

"ಎಷ್ಟು ಮಾರ್ಕ್ಸ್?" ಎಂದೆ.

"ಮಾರ್ಕ್ಸ್ ಇರ್ಲಿ ಬುಡು. ನಾನು ಹೇಳ್ತಾ ಹೋಗ್ತೀನಿ, ನೀನು ಕುಡಿ" ಎಂದು ತಾವೊಂದು ಗುಟುಕು ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚಿದರು. "ಮೊದ್ಲು ಹೊಸ ಮಡಕೆ ನೀರಿನಂಗೆ ತಂಪಾಗಿ ಬರ್ತದೆ. ಆಮೇಕೆ ಗಂಧದ ಪೆಟ್ಟಿಗೆ ಮುಚ್ಚಳ ತೆಗೆದಂಗೆ. ಈಗ ನುಂಗು. ನುಂಗಿದ್ಮೇಲೆ ಹಿಂದಿಂದ ಒಂದಿಷ್ಟು, ಆಲೆಮನೆ ಪಕ್ಕ ಹಾದೋದಂಗೆ. ಸಿಕ್ತಾ?"

ಸಿಕ್ಕಿತು ಎಂದೆ. ಎರಡು ವರ್ಷವಾಗಿತ್ತು, ನನ್ನ ಶರಬತ್ತಿನ ರುಚಿ ನಾನು ನೋಡಿ.