ಕೆಂಪು ಜಾಕೆಟ್ ತೊಟ್ಟ ಅತಿಥಿ

ಹೊರದೇಶಗಳಿಂದ ಓದಲು ಬರುವ ಹುಡುಗ ಹುಡುಗಿಯರಿಗೆ ಡಾಯೆಂಗ್ ಕಾನಂಗ್ ಮೊದಲ ದಿನ ಹೇಳುತ್ತಿದ್ದ ಮಾತುಗಳಲ್ಲಿ ಅರ್ಧದಷ್ಟು ಮಾತ್ರ ವಿಶ್ವವಿದ್ಯಾಲಯದವರು ಅಚ್ಚು ಹಾಕಿಸಿದ ಪುಸ್ತಿಕೆಯಲ್ಲಿ ಇದ್ದವು. ನಲ್ಲಿ ನೀರು ಕುಡಿಯಬೇಡಿ, ವಲಸೆ ಕಚೇರಿಯಲ್ಲಿ ಹೆಸರು ಬರೆಸುವುದನ್ನು ನಾಳೆಗೆ ಹಾಕಬೇಡಿ, ಶುಕ್ರವಾರ ಮಧ್ಯಾಹ್ನ ಯಾವ ಕಚೇರಿಯಲ್ಲೂ ನರಪಿಳ್ಳೆ ಸಿಗುವುದಿಲ್ಲ, ಮನೆಗೆ ಕರೆದವರು ಮುಂದಿಟ್ಟದ್ದನ್ನು ಒಂದು ಚೂರಾದರೂ ಬಾಯಿಗಿಡಿ ಎಂಬುದೆಲ್ಲ ಪುಸ್ತಿಕೆಯಲ್ಲಿತ್ತು. ಉಳಿದರ್ಧ ಅವಳ ಬಾಯಲ್ಲಿತ್ತು. ಯಾವ ವಿಭಾಗದ ಬಣ್ಣದ ಬಟ್ಟೆಯನ್ನೂ ತೊಡಬೇಡಿ. ಬೈಕುಗಳು ರಾಂಗ್ ಸೈಡಿನಲ್ಲಿ ದಡಬಡ ಓಡಿ ಬರುತ್ತಿದ್ದರೆ ಏನಾಯಿತೆಂದು ನಿಂತು ನೋಡಬೇಡಿ, ಹತ್ತಿರದ ಅಂಗಡಿಯೊಳಗೆ ನುಗ್ಗಿ ನೆಲದ ಮೇಲೆ ಕೂತುಬಿಡಿ, ಷಟರನ್ನು ಅಂಗಡಿಯವರೇ ಎಳೆಯುತ್ತಾರೆ. ಯಾರಾದರೂ ಕೊರಳಪಟ್ಟಿ ಹಿಡಿದರೆ 'ನಾನು ಅತಿಥಿ' ಎನ್ನಿ. ಈ ಕೊನೆಯ ಮಾತನ್ನು ಆ ಮಕಾಸರ್ ಪಟ್ಟಣದ ಆಡುಮಾತಿನಲ್ಲೇ ಕಲಿಸಿ, ನಾಲಿಗೆ ತಿರುಗುವ ತನಕ ಎಲ್ಲರಿಂದಲೂ ಹೇಳಿಸುತ್ತಿದ್ದಳು. ಮಕ್ಕಳು ನಗುತ್ತಿದ್ದರು. ಅವಳು ನಗುತ್ತಿರಲಿಲ್ಲ.

ನಗದಿರುವುದಕ್ಕೆ ಅವಳಿಗೆ ಕಾರಣವಿತ್ತು. ಅವಳು ಹುಟ್ಟಿದ್ದು ಟಾಕಲಾರಿನ ಕಡಲ ದಂಡೆಯಲ್ಲಿ. ಅಪ್ಪ ಡಾಯೆಂಗ್ ರೋವಾ ಮೀನಿನ ವ್ಯಾಪಾರಿ, ಮುಂಗೋಪಿ. ಡಾಯೆಂಗ್ ಎಂಬುದು ಆ ಕಡೆ ದೊಡ್ಡವರ ಹೆಸರಿನ ಮುಂದೆ ಹಚ್ಚುವ ಗೌರವದ ಮಾತು. ದೋಣಿ ಎಳೆದು ನಿಲ್ಲಿಸುವ ಜಾಗಕ್ಕಾಗಿ ಪಕ್ಕದವನ ಜತೆ ಮಾತಿಗೆ ಮಾತು ಬೆಳೆದು, ಪಕ್ಕದವನು ಅಪ್ಪನ ತಾಯಿಯ ಹೆಸರೆತ್ತಿ ಬೈದ. ಅಪ್ಪ ಸೊಂಟದಿಂದ ಬಾಕು ಎಳೆಯುವಷ್ಟರಲ್ಲಿ ಪಕ್ಕದವನದು ಅವನ ಹೊಟ್ಟೆಯೊಳಗಿತ್ತು. ಮರಳಿನ ಮೇಲೆ ಕವಡೆ ಆರಿಸುತ್ತಿದ್ದ ಪುಟ್ಟ ಕಾನಂಗ್ ಎಲ್ಲವನ್ನೂ ಕಂಡಳು. ಅಪ್ಪ ಎರಡೂ ಕೈಯಲ್ಲಿ ಹೊಟ್ಟೆ ಹಿಡಿದುಕೊಂಡು ಕೂತ ರೀತಿ, ಏನೋ ಜಾರಿ ಬೀಳದಂತೆ ಹಿಡಿದವನಂತೆ ಕೂತದ್ದು, ಅವಳ ಕಣ್ಣಿನಿಂದ ಎಂದೂ ಅಳಿಯಲಿಲ್ಲ. ಹಬ್ಬ ಬರುವುದರೊಳಗೆ ಚಿಕ್ಕಪ್ಪ ಹೋಗಿ ಆ ಮನೆಯ ಹಿರಿಯ ಮಗನನ್ನು ಕಡಿದ. ಆಮೇಲೆ ಅವರ ಕಡೆಯವರು ಚಿಕ್ಕಪ್ಪನನ್ನು. ಮಾನಕ್ಕೆ ಮಾನ ಎಂದು ಲೆಕ್ಕ ಚುಕ್ತಾ ಮಾಡುತ್ತಾ ಎರಡು ಮನೆಗಳಲ್ಲೂ ಗಂಡಸರೇ ಇಲ್ಲವಾದರು. ತಾಯಿ ಡಾಯೆಂಗ್ ತೆನೆ ಮಗಳನ್ನು ಕಂಕುಳಲ್ಲಿ ಎತ್ತಿಕೊಂಡು ಮಕಾಸರಿಗೆ ಬಂದು, ಸಂತೆಯಲ್ಲಿ ಅಕ್ಕಿಯ ಸಿಹಿ ತಿನಿಸು ಮಾರಿ ಓದಿಸಿದಳು. ಇಲ್ಲಿ ಓದಿದವರಿದ್ದಾರೆ, ಇಲ್ಲಿ ರಕ್ತ ಹರಿಯುವುದಿಲ್ಲ ಎಂದು ಆ ತಾಯಿ ನಂಬಿದ್ದಳು.

ಕಾನಂಗ್ ಇದೇ ವಿಶ್ವವಿದ್ಯಾಲಯದಲ್ಲಿ ಇಂಗ್ಲಿಷ್ ಓದುತ್ತಿದ್ದ ವರ್ಷವೇ ಎರಡು ವಿಭಾಗಗಳ ಹುಡುಗರು ಹೊಡೆದಾಡಿ ವಾಚನಾಲಯಕ್ಕೆ ಬೆಂಕಿ ಇಟ್ಟರು. ಗಾಳಿಗೆ ಹಾರಿಬಂದ ಸುಟ್ಟ ಹಾಳೆಗಳು ಅವಳ ತಲೆಯ ಮೇಲೆ ಬಿದ್ದವು. ಜಗಳ ಯಾಕೆ ಶುರುವಾಯಿತೆಂದು ಕೇಳಿದರೆ, ಕ್ಯಾಂಟೀನಿನಲ್ಲಿ ಯಾರೋ ಯಾರನ್ನೋ ದುರುಗುಟ್ಟಿ ನೋಡಿದನಂತೆ. ಓದು ಮುಗಿದ ಮೇಲೆ ಹೊರದೇಶದ ವಿದ್ಯಾರ್ಥಿಗಳನ್ನು ನೋಡಿಕೊಳ್ಳುವ ಕಚೇರಿಯಲ್ಲೇ ಅವಳಿಗೆ ಕೆಲಸ ಸಿಕ್ಕಿತು. ಎಲ್ಲರಿಗೂ ಅವಳು ಇಬು, ಅಂದರೆ ಅಮ್ಮ. ಮದುವೆಯಾಗಲಿಲ್ಲ. ಬಂದ ಮಕ್ಕಳನ್ನು ಬಂದ ಹಾಗೇ, ಮೈಗೆ ಗಾಯವಾಗದಂತೆ ಹಿಂದಕ್ಕೆ ಕಳಿಸುವುದೇ ಅವಳ ಹಟವಾಯಿತು.

ಆ ವರ್ಷ ಹಂಗೇರಿಯಿಂದ ಬಾಲಿಂಟ್ ಬಂದ. ಬಾಗಿಲಿಗೆ ತಲೆ ತಾಗುವಷ್ಟು ಎತ್ತರ, ಕುಸ್ತಿ ಮಾಡಿದ ಮೈ, ಯಾರೊಡನೆಯೂ ಕ್ಷಣದಲ್ಲಿ ಬೆರೆಯುವ ಸ್ವಭಾವ. ಹೊಸಬರೊಬ್ಬೊಬ್ಬರಿಗೂ ಊರಿನ ಒಬ್ಬ ವಿದ್ಯಾರ್ಥಿಯನ್ನು ಜೊತೆಗಾರನಾಗಿ ಕೊಡುವ ಪದ್ಧತಿ ಕಾನಂಗಳದೇ. ಬಾಲಿಂಟನಿಗೆ ಅವಳು ಲಾಂತೊವನ್ನು ಕೊಟ್ಟಳು. ಮೀನುಗಾರಿಕೆ ವಿಭಾಗದ ಹುಡುಗ, ತೆಳ್ಳಗೆ, ಚುರುಕು, ಅವಳ ಕೈಕೆಳಗೆ ಪಳಗಿದವರಲ್ಲೆಲ್ಲ ಒಳ್ಳೆಯವನು. ಲಾಂತೊ ಬಾಲಿಂಟನಿಗೆ ಬಾಡಿಗೆ ಕೋಣೆ ಹುಡುಕಿಕೊಟ್ಟ, ಫೋನಿಗೆ ಸಿಮ್ ಹಾಕಿಸಿದ, ದನದ ಕರುಳಿನ ಚೋಟೊ ಸಾರನ್ನು ಅಕ್ಕಿಯ ಕಡುಬು ಮುರಿದು ಹಾಕಿ ಹೇಗೆ ತಿನ್ನಬೇಕೆಂದು ತೋರಿಸಿದ. ಜ್ವರ ಬಂದಾಗ ತನ್ನ ಮನೆಗೇ ಕರೆದೊಯ್ದ. ಲಾಂತೊವಿನ ತಾಯಿ ಆ ಉದ್ದನೆಯ ಹುಡುಗನ ಹಣೆಗೆ ಒದ್ದೆ ಬಟ್ಟೆ ಹಾಕಿ, ಹೊದಿಕೆಯಿಂದಾಚೆ ಚಾಚಿಕೊಂಡ ಕಾಲು ನೋಡಿ ಬಿದ್ದು ಬಿದ್ದು ನಕ್ಕಳಂತೆ.

ಬಾಲಿಂಟ್ ಸೇರಿದ್ದ ತರಗತಿಗಳು ಎಂಜಿನಿಯರಿಂಗಿನವು. ಅಲ್ಲಿಯ ಹುಡುಗರು ಅವನನ್ನು ತಮ್ಮ ಫುಟ್‌ಬಾಲ್ ತಂಡಕ್ಕೆ ಸೇರಿಸಿಕೊಂಡು, ಗೆದ್ದ ಖುಷಿಗೆ ತಮ್ಮ ವಿಭಾಗದ ಕೆಂಪು ಜಾಕೆಟ್ ಉಡುಗೊರೆ ಕೊಟ್ಟರು. ಅದನ್ನು ತೊಟ್ಟು ಅವನು ಸೀದಾ ಕಾನಂಗಳ ಕಚೇರಿಗೇ ಬಂದ.

"ಬಿಚ್ಚು ಮಗಾ ಅದನ್ನ. ಇಲ್ಲೆಲ್ಲಿದೆ ಚಳಿ?" ಎಂದಳು.

"ಪ್ರೀತಿಯಿಂದ ಕೊಟ್ಟಿದ್ದಾರೆ ಇಬು. ಬಿಚ್ಚಿದ್ರೆ ಬೇಜಾರು ಮಾಡ್ಕೊಳ್ಳಲ್ವಾ?"

"ಅವರ ಬೇಜಾರು ನಾನು ನೋಡ್ಕೋತೀನಿ. ಪೆಟ್ಟಿಗೇಲಿಟ್ಟು ಊರಿಗೆ ಒಯ್ಯಿ. ಅಲ್ಲಿ ಹಾಕ್ಕೊಂಡು ಮೆರಿ."

ಆಯಿತೆಂದು ತಲೆಯಾಡಿಸಿ, ಬಿಚ್ಚಿ ತೋಳಿಗೆ ಹಾಕಿಕೊಂಡು ಹೋದ. ಹೊರಗೆ ಬಿಸಿಲಿಗೆ ಹೋಗುವಾಗ ಮತ್ತೆ ಹೆಗಲಿಗೇರಿಸಿಕೊಂಡದ್ದನ್ನು ಅವಳು ಕಿಟಕಿಯಿಂದ ಕಂಡಳು. ಹಿಂದಿನಿಂದ ಓಡಿಹೋಗಿ ಕಿತ್ತುಕೊಳ್ಳಬೇಕಿತ್ತು ಎಂದು ಆಮೇಲೆ ಎಷ್ಟೋ ಸಲ ಅಂದುಕೊಂಡಳು.

ವಾರ ಕಳೆಯುವುದರೊಳಗೆ ಕೆಂಪಿನವರಿಗೂ ಮೀನುಗಾರಿಕೆಯ ನೀಲಿಯವರಿಗೂ ಫುಟ್‌ಬಾಲ್ ಅಂಗಳದಲ್ಲಿ ಕೈ ಕೈ ಮಿಲಾಯಿಸಿತು. ನೀಲಿಯವನೊಬ್ಬನ ಹಲ್ಲು ಉದುರಿತು. ಮರುದಿನ ಸಂಜೆಯ ಬಾಂಗ್ ಕೇಳಿ ಸ್ವಲ್ಪ ಹೊತ್ತಿಗೆ ಮೀನುಗಾರಿಕೆ ಕಟ್ಟಡದ ಕಡೆಯಿಂದ ಕಲ್ಲು ಬರತೊಡಗಿದವು. ಮೊದಲು ಮುಷ್ಟಿಯಷ್ಟು, ಆಮೇಲೆ ಕಾಲುದಾರಿಗೆ ಹಾಸಿದ ಚಪ್ಪಡಿಯನ್ನೇ ಒಡೆದು ತುಂಡು ತುಂಡಾಗಿ. ಎಂಜಿನಿಯರಿಂಗಿನವರು ಕಬ್ಬಿಣದ ಸರಳು ಹಿಡಿದು ಎದುರಾದರು. ಸ್ವಲ್ಪ ಹೊತ್ತಿನಲ್ಲೇ ಗಾಳಿಯಲ್ಲಿ ಸುಯ್ಯೆಂಬ ಸದ್ದು ಕೇಳಿಸಿತು. ಕಾನಂಗಳಿಗೆ ಆ ಸದ್ದಿನ ಪರಿಚಯವಿತ್ತು. ಉದ್ದದ ಮೊಳೆಯನ್ನು ಉಜ್ಜಿ ಚೂಪು ಮಾಡಿ, ತುದಿಗೆ ಮುಳ್ಳು ಕೆತ್ತಿ, ಬಾಲಕ್ಕೆ ಪ್ಲಾಸ್ಟಿಕ್ ದಾರದ ಕುಚ್ಚು ಕಟ್ಟಿ ರಬ್ಬರ್ ಕವಣೆಯಿಂದ ಹಾರಿಸುವ ಬಾಣ ಅದು. ಒಳಗೆ ಹೋಗುತ್ತದೆ, ಹಿಂದಕ್ಕೆ ಬರುವುದಿಲ್ಲ.

ಅವಳು ಕಚೇರಿಯಲ್ಲಿದ್ದ ಮಕ್ಕಳನ್ನೆಲ್ಲ ಒಳಕೋಣೆಗೆ ತಳ್ಳಿ ಚಿಲಕ ಹಾಕಿಸಿದಳು. ಬಾಲಿಂಟ್ ಅಲ್ಲಿರಲಿಲ್ಲ. ಫೋನ್ ಮಾಡಿದರೆ ಎತ್ತಲಿಲ್ಲ. ಕಿಟಕಿಯಿಂದ ನೋಡಿದರೆ ಹೊಗೆಯ ನಡುವೆ ಎಲ್ಲರಿಗಿಂತ ಒಂದು ತಲೆ ಎತ್ತರದಲ್ಲಿ ಕೆಂಪು ಜಾಕೆಟ್ ಕಂಡಿತು. ಅವನೇನೂ ಹೊಡೆದಾಡುತ್ತಿರಲಿಲ್ಲ. ತಲೆ ಒಡೆದುಕೊಂಡು ಬಿದ್ದಿದ್ದ ಗೆಳೆಯನೊಬ್ಬನ ಕಂಕುಳಿಗೆ ಕೈಹಾಕಿ ಬಗ್ಗಿ ಎತ್ತುತ್ತಿದ್ದ. ಹಾಗಾಗಿಯೇ ಬೆನ್ನು ನೀಲಿಯವರ ಕಡೆಗಿತ್ತು.

ಕಾನಂಗ್ ಹೊರಗೆ ಓಡಿದಳು. ಕಾವಲಿನವನು ತೋಳು ಹಿಡಿದರೆ ಕೊಸರಿಕೊಂಡಳು. ಎರಡು ದಂಡುಗಳ ನಡುವಿನ ಬಯಲಿನಲ್ಲಿ ಗಾಜು, ಕಲ್ಲು, ಉರಿಯುವ ಬೈಕು. ತಲೆವಸ್ತ್ರ ಬಿಗಿದುಕೊಂಡು, ಕೈ ಮೇಲೆತ್ತಿ, ಅತಿಥಿ, ಅವನು ಅತಿಥಿ ಎಂದು ಕೂಗುತ್ತಾ ನಡೆದಳು. ಕಲ್ಲೊಂದು ಬಂದು ಎಡಗಿವಿಯ ಮೇಲೆ ಬಡಿಯಿತು. ಕಣ್ಣು ಕತ್ತಲಿಟ್ಟು ಮಂಡಿಯೂರಿದಳು. ಕೆನ್ನೆಯ ಮೇಲೆ ಬಿಸಿಯಾಗಿ ಇಳಿಯುತ್ತಿದ್ದುದು ರಕ್ತವೆಂದು ತಿಳಿಯಿತು. ಮತ್ತೆ ಎದ್ದಾಗ ಆ ಕಿವಿಯಲ್ಲಿ ಜಗತ್ತೇ ಇರಲಿಲ್ಲ. ಇನ್ನೊಂದು ಕಿವಿಗೆ ಸುಯ್ಯೆಂದು ಕೇಳಿಸಿತು. ಬಾಲಿಂಟ್ ಆಗಷ್ಟೇ ಇತ್ತ ತಿರುಗಿದ್ದ. ಬಾಣ ಅವನ ಕೊರಳ ಬುಡದಲ್ಲಿ, ಹೆಗಲೆಲುಬಿನ ಕೆಳಗೆ ಇಳಿಯಿತು. ಹಳದಿ ಕುಚ್ಚು ಎದೆಯ ಮೇಲೆ ಹೂವು ಸಿಕ್ಕಿಸಿದ ಹಾಗೆ ನಿಂತಿತು. ಅವನು ಅದನ್ನು ನೋಡಿ, ತನ್ನ ಭಾಷೆಯಲ್ಲಿ ತಾಯಿಯನ್ನು ಕರೆದ.

ಆ ದನಿ ಕೇಳಿದ್ದೇ ನೀಲಿಯವರ ಮುಂಚೂಣಿಯಲ್ಲಿದ್ದ, ಮುಖಕ್ಕೆ ಬಟ್ಟೆ ಸುತ್ತಿದ್ದ ಒಬ್ಬನ ಕೈಯಿಂದ ಕವಣೆ ಕೆಳಗೆ ಬಿತ್ತು. ಅವನು ಬಟ್ಟೆ ಕಿತ್ತೆಸೆದು ಕಲ್ಲಿನ ಮಳೆಯೊಳಗೇ ಓಡಿಬಂದ. ಲಾಂತೊ.

"ಇವನಾ? ಇವನಾ ಇಬು? ಬಗ್ಗಿದ ಬೆನ್ನು ಮಾತ್ರ ಕಂಡಿತ್ತು ನಂಗೆ. ಬರೀ ಕೆಂಪು ಕಂಡಿತ್ತು," ಎಂದು ಅದನ್ನೇ ಹೇಳುತ್ತಿದ್ದ. ಬಾಣ ಕೀಳಲು ಕೈ ಹಾಕಿದವನ ಕೆನ್ನೆಗೆ ಕಾನಂಗ್ ಬಾರಿಸಿದಳು. "ಕೀಳ್ಬೇಡ. ಕಿತ್ರೆ ಸಾಯ್ತಾನೆ. ಬೈಕ್ ತಗೊಂಡು ಬಾ."

ಲಾಂತೊ ಬೈಕು ತಂದ. ನಡುವೆ ಬಾಲಿಂಟನನ್ನು ಕೂರಿಸಿ ಹಿಂದೆ ಅವಳು ಅಪ್ಪಿ ಹಿಡಿದಳು. ಗೇಟಿನ ಬಳಿ ಕೆಂಪಿನವರು ಲಾಂತೊವನ್ನು ಗುರುತಿಸಿ ಸರಳಿನಿಂದ ಬಡಿದರು. ಬೆನ್ನಿಗೆ ಬಿದ್ದ ಏಟಿಗೆ ಬೈಕು ಓಲಾಡಿದರೂ ಅವನು ನಿಲ್ಲಿಸಲಿಲ್ಲ. ಆಸ್ಪತ್ರೆ ಬರುವ ತನಕ ಬಾಲಿಂಟನ ಬಾಯಿಂದ ಗುಳುಗುಳು ಎನ್ನುತ್ತ ರಕ್ತದ ನೊರೆ ಬರುತ್ತಿತ್ತು, ಅದು ಅವಳ ತೋಳಿನ ಮೇಲೆಲ್ಲ ಇಳಿಯಿತು. ಶ್ವಾಸಕೋಶ ತೂತಾಗಿದೆ ಎಂದರು ವೈದ್ಯರು. ಮಾಂಸ ಕೊಯ್ದು ಬಾಣ ತೆಗೆದರು.

ಆಪರೇಷನ್ ನಡೆಯುತ್ತಿರುವಾಗ ಲಾಂತೊ ಅವಳ ಕಾಲ ಬಳಿ ನೆಲದ ಮೇಲೆ ಕೂತ. "ಅವನು ಬದುಕಿದ್ರೆ ನಾನೇ ಅಂತ ಹೇಳ್ಬೇಡಿ ಇಬು. ನಮ್ಮಮ್ಮ ತಡ್ಕೊಳ್ಳಲ್ಲ," ಎಂದ. ಅವಳ ಕೇಳದ ಕಿವಿಯ ಕಡೆ ಕೂತಿದ್ದ. ಆದರೂ ತುಟಿ ನೋಡಿ ಅವಳಿಗೆ ಅರ್ಥವಾಯಿತು.

ಬಾಲಿಂಟ್ ಬದುಕಿದ. ವಿಶ್ವವಿದ್ಯಾಲಯದ ದೊಡ್ಡವರು ಹಣ್ಣಿನ ಬುಟ್ಟಿ ಹಿಡಿದು ಬಂದರು. ಹೊರಗಿನ ಪುಂಡರು ನುಗ್ಗಿ ಮಾಡಿದ ಕೆಲಸ ಎಂದು ಪತ್ರಿಕೆಗಳಿಗೆ ಹೇಳಿಯಾಗಿದೆ, ನೀವೂ ಹಾಗೇ ಹೇಳಿ ಎಂದು ಕಾನಂಗಳಿಗೆ ನಯವಾಗಿ ತಿಳಿಸಿದರು. ಬಾಲಿಂಟನೋ, ಮಾತಾಡುವಷ್ಟು ಉಸಿರು ಬಂದ ಕೂಡಲೇ ಲಾಂತೊವನ್ನು ಹೊಗಳತೊಡಗಿದ. ಬೆನ್ನು ಮುರಿಯುವಂತೆ ಹೊಡೆದರೂ ಬೈಕು ನಿಲ್ಲಿಸಲಿಲ್ಲ, ಅವನಿಲ್ಲದಿದ್ದರೆ ನಾನಿಲ್ಲ ಎಂದ. ಅವಳು ಕಿತ್ತಳೆ ಸುಲಿಯುತ್ತಿದ್ದವಳು ಕೈ ನಿಲ್ಲಿಸಿ, ಬಾಣ ಬಿಟ್ಟವನೂ ಅವನೇ ಎಂದು ಹೇಳಿದಳು. ಪೊಲೀಸರಿಗಿಂತ ಮೊದಲು ಇದು ಬಾಲಿಂಟನಿಗೆ ತಿಳಿಯಬೇಕೆಂಬುದು ಅವಳ ಎಣಿಕೆಯಾಗಿತ್ತು. ಬಾಲಿಂಟ್ ಗೋಡೆಯ ಕಡೆ ಮುಖ ಮಾಡಿದ. "ಅವನ ಅಮ್ಮನಿಗೆ ಗೊತ್ತಾ?" ಎಂದಷ್ಟೇ ಕೇಳಿದ.

ಪೊಲೀಸರು ಬಂದಾಗ ಅವಳು ಕಂಡದ್ದನ್ನು ಕಂಡ ಹಾಗೆ ಹೇಳಿದಳು. ಬಾಣ ಬಿಟ್ಟದ್ದನ್ನೂ ಹೇಳಿದಳು, ಬೈಕು ಬಿಟ್ಟದ್ದನ್ನೂ ಹೇಳಿದಳು. ಲಾಂತೊವನ್ನು ಮನೆಯಿಂದಲೇ ಎಳೆದೊಯ್ದರು. ಠಾಣೆಯಲ್ಲಿ ಅವನಿಗೆ ಏನೇನಾಯಿತೆಂಬುದು ಮರುದಿನ ಊದಿಕೊಂಡಿದ್ದ ಮುಖವೇ ಹೇಳುತ್ತಿತ್ತು.

ಲಾಂತೊವಿನ ತಾಯಿಯ ಅಣ್ಣ ಡಾಯೆಂಗ್ ಗಸ್ಸಿಂಗ್ ಬಂದರಿನಲ್ಲಿ ಮೂಟೆ ಹೊರುವವರ ಮೇಸ್ತ್ರಿ. ಒಂದು ಬೆಳಿಗ್ಗೆ ಕಾನಂಗ್ ಅಂಗಳ ಗುಡಿಸುತ್ತಿರುವಾಗ ಬಂದ. ಸೊಂಟದಲ್ಲಿ ಬಾಕು. ಅವಳ ತಾಯಿ ಡಾಯೆಂಗ್ ತೆನೆ ಹೊಸ್ತಿಲಲ್ಲಿ ತೆಂಗಿನಕಾಯಿ ತುರಿಯುತ್ತಾ ಕೂತಿದ್ದಳು.

"ನಮ್ಮ ಮನೆ ಅನ್ನ ತಿಂದಿದ್ದಾನೆ ಆ ಬಿಳಿಯ. ನೀನೂ ಈ ಊರಿನವಳೇ. ಅವನಿಗೋಸ್ಕರ ನಮ್ಮ ಹುಡುಗನ್ನ ಹಿಡಿದು ಕೊಟ್ಯಾ?" ಎಂದ ಗಸ್ಸಿಂಗ್.

"ನಮ್ಮನೆ ಅನ್ನ ತಿಂದೋನು ಅಂದ್ರೆ ನಮ್ಮ ಮಾನ ಅಣ್ಣಾ. ಅದಕ್ಕೇ ಕೊಟ್ಟೆ."

"ಹೇಳಿದ್ದು ಸುಳ್ಳು ಅಂತ ಠಾಣೆಗೆ ಬಂದು ಹೇಳು."

"ಹೇಳಲ್ಲ."

ಅವನು ಬಾಕು ಎಳೆದ. ಅವಳು ಪೊರಕೆ ಅಡ್ಡ ಹಿಡಿದಳು. ಅಲಗು ಪೊರಕೆಯನ್ನು ಸೀಳಿ ಮುಂಗೈಯನ್ನು ಮೊಣಕೈ ತನಕ ಬಗೆಯಿತು. ಎರಡನೆಯ ಸಲ ಎತ್ತುವಷ್ಟರಲ್ಲಿ ಡಾಯೆಂಗ್ ತೆನೆ ಎದ್ದು ಬಂದು ಮಗಳ ಮುಂದೆ ನಿಂತಿದ್ದಳು. ಕೈಯೆಲ್ಲ ಕೊಬ್ಬರಿ. "ನನ್ನ ಗಂಡ ಇದರಲ್ಲೇ ಹೋದ. ಮೈದುನ ಇದರಲ್ಲೇ ಹೋದ. ಹೊಡಿ. ಆದ್ರೆ ಗೊತ್ತಿರ್ಲಿ, ನಮ್ಮನೇಲಿ ನಿನ್ನ ತಿರುಗಿ ಹೊಡಿಯೋಕೆ ಗಂಡಸರಿಲ್ಲ. ನಿನ್ನ ಸರದಿ ಮುಗಿಸೋರು ಯಾರೂ ಬರಲ್ಲ. ಆ ಭಾರ ಹೊತ್ಕೊಂಡೇ ಬದುಕ್ಬೇಕು ನೀನು."

ಗಸ್ಸಿಂಗ್ ಮೇಲೆತ್ತಿದ ಕೈ ಅಲ್ಲೇ ನಿಂತಿತು. ನೆರೆಯವರು ಬೇಲಿ ಹಾರಿ ಬಂದು ಅವನನ್ನು ಕೆಡವಿ, ಬಾಕು ಕಿತ್ತು, ಬಾಯಿ ಮೂಗು ಒಡೆಯುವಂತೆ ತುಳಿದರು. ಬಿಡಿ ಅವನನ್ನು ಎಂದು ಕಾನಂಗ್ ಕೂಗುತ್ತಲೇ ಇದ್ದಳು. ಅವಳ ಬೆರಳ ತುದಿಯಿಂದ ರಕ್ತ ಅಂಗಳಕ್ಕೆ ತೊಟ್ಟಿಕ್ಕುತ್ತಿತ್ತು.

ಪೊಲೀಸರು ಮತ್ತೆ ಬಂದರು. ಈ ಸಲ ಅವಳು ದೂರು ಕೊಡಲಿಲ್ಲ. ನೆರೆಯವರಿಗೆ ಸಿಟ್ಟು ಬಂತು. ಅನ್ನ ಹಾಕಿದ ಮನೆಯ ಹುಡುಗನನ್ನು ಜೈಲಿಗಟ್ಟಿ, ಕೈ ಕಡಿದವನನ್ನು ಬಿಡುವುದು ಯಾವ ನ್ಯಾಯ ಎಂದರು. ಅವಳು ಕೊಟ್ಟ ಉತ್ತರ ಇಷ್ಟೇ: "ಆ ಏಟು ಬಾಲಿಂಟಂದು. ಅದನ್ನ ಮನ್ನಿಸೋಕೆ ನಾನ್ಯಾರು? ಇದು ನಂದು. ಇಟ್ಕೋಬೇಕಾ ಬಿಡ್ಬೇಕಾ ಅನ್ನೋದು ನಂಗೆ ಬಿಟ್ಟಿದ್ದು."

ಬಾಲಿಂಟನ ತಂದೆ ಬಂದು ಮಗನನ್ನು ಕರೆದೊಯ್ದ. ಹೊರಡುವ ಮುನ್ನ ಬಾಲಿಂಟ್ ನ್ಯಾಯಾಲಯಕ್ಕೆ ಹೋಗಿ, ಬೈಕಿನ ಸಂಗತಿಯನ್ನು ನಿಧಾನವಾಗಿ, ತಪ್ಪು ತಪ್ಪಾದ ನುಡಿಯಲ್ಲಿ ತಾನೇ ಹೇಳಿದ. ಲಾಂತೊವಿಗೆ ಆಗಬೇಕಿದ್ದಕ್ಕಿಂತ ಕಡಿಮೆ ಶಿಕ್ಷೆಯಾಯಿತು, ಎರಡು ವರ್ಷ. ಬಾಲಿಂಟನ ಬಲಗೈ ಹೆಗಲಿಗಿಂತ ಮೇಲೆ ಏಳಲಿಲ್ಲ. ಕುಸ್ತಿ ಅಲ್ಲಿಗೇ ಮುಗಿಯಿತು.

ಜೊತೆಗಾರರ ಪದ್ಧತಿಯನ್ನು ನಿಲ್ಲಿಸಿ ಎಂದರು ದೊಡ್ಡವರು. ಕಾನಂಗ್ ಒಪ್ಪಲಿಲ್ಲ. ಅದು ಇಲ್ಲದಿದ್ದರೆ ಬಾಣ ಬಿಟ್ಟವನು ಓಡಿಹೋಗುತ್ತಿದ್ದ, ಓಡಿಬರುತ್ತಿರಲಿಲ್ಲ ಎಂದು ವಾದಿಸಿದಳು. ವಾದ ಗೆದ್ದಳು, ಬಡ್ತಿ ಕಳೆದುಕೊಂಡಳು.

ಜೈಲಿಗೆ ಅವಳು ಊಟ ಕಟ್ಟಿಕೊಂಡು ಹೋದರೆ ಲಾಂತೊ ಮೊದಮೊದಲು ಎದುರಿಗೇ ಬರಲಿಲ್ಲ. ಅವನ ತಾಯಿ ಅಲ್ಲೇ ಹೊರಗೆ, ಬಸ್ಸು ನಿಲ್ಲುವಲ್ಲಿ ಬೆಂಚಿನ ಮೇಲೆ ಕೂತಿರುತ್ತಿದ್ದಳು, ಇವಳನ್ನು ಕಂಡರೆ ಮುಖ ತಿರುಗಿಸುತ್ತಿದ್ದಳು. ಮಳೆಗಾಲ ಕಳೆದ ಮೇಲೊಂದು ದಿನ ಲಾಂತೊ ಬಂದು ಜಾಲರಿಯಾಚೆ ಕೂತ. ಜೈಲಿನವರು ತಲೆ ಬೋಳಿಸಿದ್ದರು. ಹುಬ್ಬಿನ ಮೇಲೆ ಹೊಸ ಗಾಯವಿತ್ತು. ಒಳಗೂ ಕೆಂಪಿನವರಿದ್ದಾರೆ ಎಂದ. ಆಮೇಲೆ ಬಾಲಿಂಟನ ಕೈ ಹೇಗಿದೆ ಎಂದು ಕೇಳಿದ. ಅವಳು ಮುಚ್ಚಿಡದೆ ಹೇಳಿದಳು. ಅವನು ಬುತ್ತಿ ಬಿಚ್ಚಿ ಎರಡು ತುತ್ತು ತಿಂದು, ಉಳಿದದ್ದನ್ನು ಅಮ್ಮನಿಗೆ ಕೊಡಿ ಎಂದು ಹಿಂದಕ್ಕೆ ತಳ್ಳಿದ. ಕಾನಂಗ್ ಅದನ್ನು ಒಯ್ದು ಬೆಂಚಿನ ಮೇಲೆ ಆ ಹೆಂಗಸಿನ ಪಕ್ಕ ಇಟ್ಟಳು. ಆ ತಾಯಿ ಈ ಸಲ ಮುಖ ತಿರುಗಿಸಲಿಲ್ಲ, ಬುತ್ತಿ ಮುಟ್ಟಲೂ ಇಲ್ಲ. ಇಬ್ಬರೂ ಬಸ್ಸು ಬರುವ ತನಕ ಅದನ್ನು ನಡುವೆ ಇಟ್ಟುಕೊಂಡು ಕೂತರು.