ಮಾಸ್ಟರಕ್ಕನ ಕೈ, ಮಾಸ್ಟರಕ್ಕನ ಬಾಯಿ

ಹೊಲಿಗೆ ಅಂಗಡಿಗಳಲ್ಲಿ ಬಟ್ಟೆ ಕತ್ತರಿಸುವವರನ್ನು ಮಾಸ್ಟರ್ ಎನ್ನುತ್ತಾರೆ. ಅಣ್ಣನ ಅಂಗಡಿಯಲ್ಲಿ ಆ ಕೆಲಸ ತಂಗಿಯದು. ಹಾಗಾಗಿ ಅವಳು ಬೀದಿಗೆಲ್ಲ ಮಾಸ್ಟರಕ್ಕ. ಅಣ್ಣ ಮುಂದೆ ನಿಂತು ಅಳತೆ ತೆಗೆಯುವವನು, ಗಿರಾಕಿಗಳನ್ನು ಮಾತಿನಲ್ಲಿ ಕಟ್ಟಿಹಾಕುವವನು. ಬೋರ್ಡಿನ ಮೇಲೆ ಹೆಸರೂ ಅವನದೇ. ಆದರೆ ಕೋಟೊಂದು ಹೆಗಲ ಮೇಲೆ ಸುಕ್ಕಿಲ್ಲದೆ ಕೂತಿತೆಂದರೆ ಅದು ಒಳಕೋಣೆಯ ಎತ್ತರದ ಮೇಜಿನ ಮುಂದೆ ನಿಂತು ದೊಡ್ಡ ಕತ್ತರಿಯನ್ನು ಒಂದೇ ಉಸಿರಿಗೆ ಓಡಿಸುತ್ತಿದ್ದ ಮಾಸ್ಟರಕ್ಕನ ಕೈಗುಣ.

ನಗುವಾಗ ಅವಳು ಬಾಯಿಗೆ ಕೈ ಅಡ್ಡ ಹಿಡಿಯುತ್ತಿದ್ದಳು. ನಾಚಿಕೆ ಎಂದುಕೊಂಡವರೇ ಹೆಚ್ಚು. ಅವಳ ಒಸಡು ಸದಾ ಕೆಂಪಗೆ ಊದಿರುತ್ತಿತ್ತು. ಹಲ್ಲುಜ್ಜಿದರೆ ರಕ್ತ, ಬೆಳಗ್ಗೆ ಎದ್ದರೆ ಬಾಯಲ್ಲಿ ಕಬ್ಬಿಣ ನೆಕ್ಕಿದಂಥ ರುಚಿ. ಎಳೆಯ ವಯಸ್ಸಿನಲ್ಲಿ ಒಮ್ಮೆ ಕೆನ್ನೆ ಬಾತು ಕೀವು ತುಂಬಿಕೊಂಡಿತ್ತು. ಹಲ್ಲಿನ ಡಾಕ್ಟರ ಹತ್ತಿರ ಹೋಗುತ್ತೇನೆಂದಾಗ ಅಣ್ಣ ಶಾಲೆಯ ಯೂನಿಫಾರಂ ಬಟ್ಟೆಯ ರಾಶಿ ತೋರಿಸಿದ.

“ಇದಿಷ್ಟು ಕತ್ತರಿಸಿಕೊಟ್ಟು ಹೋಗೇ. ಹಲ್ಲುನೋವಿಗೆ ಯಾರಾದ್ರೂ ಸತ್ತಿದ್ದು ಕೇಳಿದ್ದೀಯಾ?”

ರಾಶಿ ಕರಗುವಷ್ಟರಲ್ಲಿ ಕೀವು ತಾನೇ ಒಡೆದು ಸೋರಿಹೋಯಿತು. ಉಪ್ಪುನೀರು ಮುಕ್ಕಳಿಸಿ ಅವಳೂ ಸುಮ್ಮನಾದಳು. ಒಸಡು ಮಾತ್ರ ಸುಮ್ಮನಾಗಲಿಲ್ಲ. ಊದುವುದು, ಸೋರುವುದು, ಇಳಿಯುವುದು ವರ್ಷಗಟ್ಟಲೆ ನಡೆದೇ ಇತ್ತು. ನೋವು ಅಷ್ಟಾಗಿ ಇರಲಿಲ್ಲವಾದ್ದರಿಂದ ಅವಳು ಅದಕ್ಕೆ ಒಗ್ಗಿಹೋದಳು.

ನಲವತ್ತು ದಾಟಿದ ಮೇಲೆ ಊತ ಕೈಗಳಿಗೆ ಬಂತು. ಬೆಳಗ್ಗೆ ಮುಷ್ಟಿ ಕಟ್ಟಲಾಗುತ್ತಿರಲಿಲ್ಲ. ಎರಡೂ ಕೈಗಳ ಬೆರಳಗೆಣ್ಣುಗಳು ಬೆಚ್ಚಗೆ ಉಬ್ಬಿಕೊಂಡು, ಬಾಗಿಲ ಚಿಲಕ ತೆಗೆಯುವುದಕ್ಕೂ ಮೊಣಕೈ ಬೇಕಾಯಿತು. ಮಧ್ಯಾಹ್ನದ ಹೊತ್ತಿಗೆ ಬಿಗಿ ಸ್ವಲ್ಪ ಸಡಿಲುತ್ತಿತ್ತು. ಅದೇ ಅವಳಿಗೆ ಮುಳುವಾಯಿತು.

“ಕಸ ಗುಡಿಸೋ ಹೊತ್ತಿಗೆ ಬರೋ ನೋವು ಊಟದ ಹೊತ್ತಿಗೆ ಅದು ಹೇಗೆ ಮಾಯ ಆಗುತ್ತೋ!” ಎಂದು ಅತ್ತಿಗೆ ಪಾತ್ರೆಗಳಿಗೆ ಹೇಳುವಂತೆ ಹೇಳುತ್ತಿದ್ದಳು.

ಔಷಧದ ಅಂಗಡಿಯ ಮಾತ್ರೆ ನುಂಗಿ ಮಾಸ್ಟರಕ್ಕ ಕತ್ತರಿ ಹಿಡಿದಳು. ಒಂದು ಬೆಳಗ್ಗೆ ಗಿರಾಕಿಯೊಬ್ಬರ ದುಬಾರಿ ಉಣ್ಣೆ ಬಟ್ಟೆಯ ಮೇಲೆ, ಕಂಕುಳ ತಿರುವಿನಲ್ಲಿ, ಕತ್ತರಿ ಜಾರಿತು. ಅಣ್ಣ ಬೈಯಲಿಲ್ಲ. ಮಾರನೆಯ ವಾರ ತನ್ನ ಹೆಂಡತಿಯ ತಮ್ಮನನ್ನು ಕರೆತಂದು ಮೇಜಿನ ಮುಂದೆ ನಿಲ್ಲಿಸಿದ. “ನೀನು ಸುಧಾರಿಸ್ಕೋ” ಎಂದ. ಬೈದಿದ್ದರೇ ಚೆನ್ನಾಗಿತ್ತು.

ಆಗ ಅವಳು ತಾನೇ ಹೊರಟು ದೊಡ್ಡಾಸ್ಪತ್ರೆಯಲ್ಲಿ ಕೀಲುಗಳ ಡಾಕ್ಟರನ್ನು ಕಂಡಳು. ರಕ್ತ ಪರೀಕ್ಷೆ ನೋಡಿ ಅವರು ಬಿಡಿಸಿ ಹೇಳಿದರು.

“ಮೈಯೊಳಗೆ ರೋಗಾಣುಗಳ ಜೊತೆ ಹೊಡೆದಾಡೋ ಪಡೆ ಇರುತ್ತಲ್ಲಮ್ಮ, ಅದು ದಾರಿ ತಪ್ಪಿ ನಿಮ್ಮ ಕೀಲುಗಳ ಮೇಲೇ ಬಿದ್ದಿದೆ. ಅದನ್ನ ಅಡಗಿಸೋ ಮಾತ್ರೆ ಕೊಡ್ತೀನಿ. ಆದ್ರೆ ಮೈಯಲ್ಲಿ ಎಲ್ಲಾದ್ರೂ ಸೋಂಕು ಅಡಗಿದ್ರೆ ಅದು ತಲೆ ಎತ್ತುತ್ತೆ. ಎಲ್ಲಿ, ಬಾಯಿ ತೆಗೀರಿ.”

ಅವಳು ಅಭ್ಯಾಸಬಲದಿಂದ ಕೈ ಅಡ್ಡ ಹಿಡಿದಳು. ಆಮೇಲೆ ತೆಗೆದಳು. ಅವರು ಅಲ್ಲಿಂದಲೇ ಹಲ್ಲಿನ ವಿಭಾಗಕ್ಕೆ ಕಳಿಸಿದರು.

ಹಲ್ಲಿನ ಡಾಕ್ಟರು ಅವಳಿಗಿಂತ ಚಿಕ್ಕವಳು. ಒಸಡನ್ನು ಕಡ್ಡಿಯಿಂದ ಒತ್ತಿ ನೋಡಿ ಮುಖ ಕಿವುಚಿದಳು. “ಎಷ್ಟು ವರ್ಷದಿಂದ ಹೀಗೆ ಬಿಟ್ಕೊಂಡಿದ್ದೀರಿ?”

“ಬೈಬೇಡಿ ಡಾಕ್ಟ್ರೇ. ಬೈಯೋರು ಮನೇಲೇ ಬೇಕಾದಷ್ಟಿದ್ದಾರೆ.”

ಹುಡುಗಿ ನಕ್ಕಳು. ಒಸಡಿನೊಳಗೆ ವರ್ಷಗಟ್ಟಲೆ ಮನೆ ಮಾಡಿದ ರೋಗಾಣುಗಳೇ ಕೆಲವರಲ್ಲಿ ಆ ಪಡೆಯನ್ನು ಕೆರಳಿಸಿ ಕೀಲುಗಳ ಮೇಲೆ ಛೂ ಬಿಡುತ್ತವೇನೋ ಎಂಬ ಅನುಮಾನ ಈಚೆಗೆ ಬಲವಾಗುತ್ತಿದೆ ಎಂದು ಕೆಲಸ ಮಾಡುತ್ತಲೇ ಹೇಳಿದಳು. ಮಾಸ್ಟರಕ್ಕ ಕುರ್ಚಿಯಲ್ಲಿ ಎದ್ದು ಕೂತಳು.

“ಅಂದ್ರೆ ಅವತ್ತೇ ತೋರಿಸಿದ್ರೆ ನನ್ನ ಕೈ ಉಳೀತಿತ್ತಾ?”

“ಹಾಗೆ ಹೇಳೋಕಾಗಲ್ಲ. ಒಸಡು ಕೆಟ್ಟವರಿಗೆಲ್ಲ ಕೀಲು ಕೆಡಲ್ಲ. ವಂಶದಿಂದಲೂ ಬಂದಿರಬಹುದು, ಇನ್ನೇನೋ ಇರಬಹುದು. ನಿಮ್ಮ ವಿಷಯದಲ್ಲಿ ಇದೇ ಕಾರಣ ಅಂತ ಯಾರೂ ಬರೆದುಕೊಡಲ್ಲ.”

“ಬರೆದುಕೊಡೋದು ಬೇಡ. ನಮ್ಮಣ್ಣನ ಮುಂದೆ ಒಂದು ಮಾತು ಹೇಳಿ ಸಾಕು.”

ಹುಡುಗಿ ಕೈಗವಸು ಕಳಚುತ್ತ ಆಗದೆಂದು ತಲೆಯಾಡಿಸಿದಳು. “ಗೊತ್ತಿಲ್ಲದ್ದನ್ನ ಹೇಗೆ ಹೇಳಲಿ ಅಮ್ಮಾ?”

ಅಲ್ಲಾಡುತ್ತಿದ್ದ ಹಲ್ಲುಗಳನ್ನು ಕಿತ್ತರು, ಒಸಡನ್ನು ಕೆರೆದು ಶುದ್ಧ ಮಾಡಿದರು, ಮಾತ್ರೆ ಶುರುವಾಯಿತು. ಕೆಲವು ತಿಂಗಳಲ್ಲಿ ಊತ ಇಳಿಯಿತು. ಇಳಿದದ್ದು ಬಾಯಿ ಸ್ವಚ್ಛವಾದದ್ದಕ್ಕೋ ಮಾತ್ರೆಗೋ, ಅದನ್ನೂ ಯಾರೂ ಹೇಳಲಿಲ್ಲ. ಆದರೆ ಅಷ್ಟರಲ್ಲೇ ಬೆರಳುಗಳು ಕಿರುಬೆರಳಿನ ಕಡೆಗೆ ವಾಲಿಕೊಂಡಿದ್ದವು. ದೊಡ್ಡ ಕತ್ತರಿಯ ಹಿಡಿಯೊಳಗೆ ಹೆಬ್ಬೆರಳು ಹೋಗುತ್ತಿರಲಿಲ್ಲ.

ಕಾಯಿಲೆಗಿಂತ ಅವಳನ್ನು ಹೆಚ್ಚು ಸುಟ್ಟದ್ದು, ಬೈಯಲು ಒಬ್ಬ ಮನುಷ್ಯ ಸಿಕ್ಕಂತಾಗಿ ಕೈತಪ್ಪಿಹೋದದ್ದು. ಹೊಸ ಮಾಸ್ಟರ್ ಕೋಟು ಕೆಡಿಸುತ್ತಿದ್ದ. ಗಿರಾಕಿಗಳು ಮುಖ ತಿರುಗಿಸತೊಡಗಿದರು. ಒಂದು ಸಂಜೆ ಅಣ್ಣ ಅವಳ ಕೋಣೆಗೆ ಬಂದು, ಸ್ಟೂಲ್ ಹಾಕಿಸುತ್ತೇನೆ, ಕೂತಲ್ಲಿಂದಲೇ ಭಾವಮೈದುನನಿಗೆ ಹೇಳಿಕೊಡು ಎಂದ. “ಕೈ ಹೋದ್ರೇನು, ಬಾಯಿ ಇದೆಯಲ್ಲ” ಎಂದು ಮೇಲೊಂದು ತಮಾಷೆ ಬೇರೆ.

ಅವಳಿಗೆ ತಡೆದುಕೊಳ್ಳಲಾಗಲಿಲ್ಲ. “ಆ ಬಾಯಿಂದಲೇ ಅಣ್ಣಾ, ನನ್ನ ಕೈ ಹೋಗಿದ್ದು. ಡಾಕ್ಟ್ರೇ ಹೇಳಿದ್ರು. ಯೂನಿಫಾರಂ ರಾಶಿ ತೋರಿಸಿ ಅವತ್ತು ನೀನು ನನ್ನ ಕಳಿಸಲಿಲ್ಲವಲ್ಲ, ಅದರಿಂದಲೇ ಅಂತ. ಖಂಡಿತವಾಗಿ ಹೇಳಿದ್ರು.”

ಸುಳ್ಳು ಬಾಯಿಂದ ಸರಾಗವಾಗಿ ಬಂತು. ಅವನು ಸೋಲುತ್ತಾನೆ, ಕಾಲು ಹಿಡಿಯುತ್ತಾನೆ, ಕಡೇಪಕ್ಷ ಜಗಳವಾಡುತ್ತಾನೆ ಎಂದು ಅವಳು ಕಾದಳು. ಅಣ್ಣನ ಮುಖ ಬಿಳಿಚಿಕೊಂಡಿತು. ನಾಲಿಗೆಯಿಂದ ತನ್ನ ದವಡೆಯನ್ನು ಒಳಗಿನಿಂದ ತಡವಿ ನೋಡಿಕೊಂಡ. ಎದ್ದುಹೋದ.

ಮಾರನೆಯ ದಿನ ಅಂಗಡಿ ಮುಚ್ಚಿತ್ತು. ಗಂಡಹೆಂಡತಿ, ಮಕ್ಕಳು, ಭಾವಮೈದುನ ಸಮೇತ ಹಲ್ಲು ತೋರಿಸಿಕೊಂಡು ಬರಲು ಹೋಗಿದ್ದರು. ಬಂದಮೇಲೆ ಅತ್ತಿಗೆ ಬಾಗಿಲಲ್ಲೇ ನಿಂತು, “ಸದ್ಯ, ನಮಗ್ಯಾರಿಗೂ ಏನೂ ಇಲ್ಲವಂತೆ” ಎಂದಳು.

ಮಾಸ್ಟರಕ್ಕ ಆ ವಾರವೇ ಬೇರೆ ಬೀದಿಯಲ್ಲೊಂದು ಕೋಣೆ ಹಿಡಿದಳು. ಈಗ ಸಿದ್ಧ ಉಡುಪಿನ ಕಾರ್ಖಾನೆಯಲ್ಲಿ ಹೊಲಿದು ಬಂದ ಅಂಗಿಗಳನ್ನು ಬೆಳಕಿಗೆ ಹಿಡಿದು ತಪ್ಪು ಹುಡುಕುವ ಕೆಲಸ. ಅಂಗೈಗಳ ನಡುವೆ ಅಂಗಿಯನ್ನು ಒತ್ತಿ ಹಿಡಿಯುತ್ತಾಳೆ. ಅಲ್ಲಿ ಅವಳನ್ನು ಯಾರೂ ಮಾಸ್ಟರ್ ಎನ್ನುವುದಿಲ್ಲ.